ದುರ್ಮದನಿಗೆ ಬಿದ್ದ ಕಲ್ಲು

ಕಲ್ಲು ಬಂದು ಮುಂಡಪ್ಪನ ಹಣೆಗೆ ಬಿತ್ತು. ಹಿಂದೆಯೇ ಬಂದದ್ದು ಭುಜಕ್ಕೆ. ಆಮೇಲಿನದ್ದು ಕಲ್ಲಲ್ಲ, ತೆಂಗಿನ ಚಿಪ್ಪು. ಅದು ಕಿವಿ ಸವರಿಕೊಂಡು ಹೋಗಿ ಪರದೆಯ ಮೇಲಿನ ಅರಮನೆಗೆ ತೂತು ಮಾಡಿತು.

ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಮುಂಡಪ್ಪ ಪ್ರೇಮಾವತಿಯ ಜಡೆ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಅವನು ದುಷ್ಟ ದುರ್ಮದ, ಅವಳು ರಾಜಕುಮಾರಿ ಕನಕಗಂಧಿ. ದುರ್ಮದ ಜಡೆ ಹಿಡಿದು ಖಡ್ಗ ಎತ್ತಬೇಕು, ಕನಕಗಂಧಿ ಜೀವ ಉಳಿಸು ಎಂದು ಹಾಡಬೇಕು. ಹಾಡು ಮುಗಿಯುವವರೆಗೆ ಖಡ್ಗ ಇಳಿಸುವಂತಿಲ್ಲ. ಕಂಪೆನಿ ನಾಟಕದ ಕ್ರಮವೇ ಅದು. ಮುಗಿದ ಮೇಲೆ ನಾಯಕ ಹಾರಿ ಬಂದು ಬಿಡಿಸುತ್ತಾನೆ.

ಇದು ಅರವತ್ತೊಂದರ ಬೇಸಿಗೆ, ಬಂಟ್ವಾಳದ ಕ್ಯಾಂಪು. ಒಳಗೆ ಬಂದ ಮುಂಡಪ್ಪನ ಹಣೆಗೆ ಹಾರ್ಮೋನಿಯಂ ಅಣ್ಣು ಹತ್ತಿ ಒತ್ತಿದ. ಅಣ್ಣುವಿನ ಕಿಸೆಯಲ್ಲಿ ಹತ್ತಿ ಯಾವಾಗಲೂ ಇರುತ್ತಿತ್ತು. ಕಿವಿಗೆ ಗಾಳಿ ಆಗುವುದಿಲ್ಲ ಅನ್ನುತ್ತಿದ್ದ.

“ನೋವುಂಟಾ?”

“ನೋವು ಇರಲಿ. ಜನರ ಸಿಟ್ಟು ನೋಡಿದೆಯಾ? ಖಳ ಅಂದರೆ ಹೀಗಿರಬೇಕು.”

ಅಣ್ಣು ಉಳಿದ ಹತ್ತಿಯನ್ನು ಉಂಡೆ ಮಾಡಿ ಕಿಸೆಗೆ ಹಾಕಿದ.

ಆ ಹಾಡು ಬರೆದವನು ಸುಧಾಕರ. ಕಂಪೆನಿಯ ಮಾಲಕನೂ ಅವನೇ, ನಾಯಕನೂ ಅವನೇ, ಪ್ರೇಮಾವತಿಯ ಗಂಡನೂ ಅವನೇ. ಮದುವೆಯಾದ ವರ್ಷ ಹಾಡಿಗೆ ಇದ್ದದ್ದು ಒಂದೇ ಚರಣ. ಊರೂರಿನಲ್ಲಿ ಜನರ ಆವೇಶ ಕಂಡು ಅವನು ಚರಣ ಸೇರಿಸುತ್ತಾ ಬಂದ. ಸೇರಿಸಿದಷ್ಟೂ ಆವೇಶ ಹೆಚ್ಚಿತು. ಹಾಡು ಶುರುವಾದರೆ ಹೆಂಗಸರು ತಲೆಗೆ ಸೆರಗು ಬಿಗಿಯುತ್ತಿದ್ದರು. ಕೆಲವರು ತಡೆಯಲಾಗದೆ ಎದ್ದು ಹೋಗುತ್ತಿದ್ದರು. ಪಾಪ, ಅಷ್ಟು ದುಃಖ ಯಾರಿಂದ ನೋಡಲಿಕ್ಕೆ ಆಗ್ತದೆ, ಅನ್ನುತ್ತಿದ್ದ ಸುಧಾಕರ.

ಬೆಳ್ತಂಗಡಿಗೆ ಬರುವಾಗ ಪ್ರೇಮಾವತಿಗೆ ಗಂಟಲು ಕಟ್ಟಿತು. ಹಾಡು ಬಿಟ್ಟು ಕೈಸನ್ನೆಯಲ್ಲೇ ಅತ್ತಳು. ಮುಂಡಪ್ಪ ಕಣ್ಣು ಕೆಂಪು ಮಾಡಿದ, ಹಲ್ಲು ಕಡಿದ, ಅವಳನ್ನು ವೇದಿಕೆ ತುಂಬಾ ಎಳೆದಾಡಿದ. ಒಂದು ಚಪ್ಪಲಿ ಕೂಡ ಬರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ನೆಮ್ಮದಿಯಿಂದ ಕಡಲೆ ತಿನ್ನುತ್ತಿದ್ದ.

ಮುಂಡಪ್ಪನಿಗೆ ಊಟ ಸೇರಲಿಲ್ಲ. ಹೆಣ್ಣಿನ ಗೋಳು ಕಿವಿಗೆ ಬೀಳದೆ ಖಳನ ಮೇಲೆ ಸಿಟ್ಟು ಬರುವುದಾದರೂ ಹೇಗೆ? ತಾನೇ ಕಾಳುಮೆಣಸು, ಶುಂಠಿ ಕುಟ್ಟಿ ಕಷಾಯ ಮಾಡಿ ಅವಳಿಗೆ ಕುಡಿಸಿದ. ಮಾರನೆಯ ದಿನ ಅವಳ ಸ್ವರ ಬಂತು. ಅದೇ ದಿನ ಮುಂಡಪ್ಪನ ಮುಂದಿನ ಹಲ್ಲು ಹೋಯಿತು.

ಬೊಚ್ಚು ಬಾಯಿಯಲ್ಲಿ ಚಾ ಕುಡಿಯಲು ಹೋದರೆ ಹೋಟೆಲಿನ ಅಬೂಬಕ್ಕರ್ ಕೇಳದೆಯೇ ಗೋಳಿಬಜೆ ತಂದಿಟ್ಟ.

“ತಿನ್ನಿ ಮುಂಡಪ್ಪಣ್ಣ. ಆ ಜಾಗದಲ್ಲಿ ಅಷ್ಟು ಹೊತ್ತು ನಿಲ್ಲಲಿಕ್ಕೆ ಎಲ್ಲರಿಂದ ಆಗುವುದಿಲ್ಲ.”

“ಅಭ್ಯಾಸ ಬೇಕು,” ಅಂದ ಮುಂಡಪ್ಪ, ವಿನಯದಿಂದ.

“ಒಂದು ಮಾತು ಹೇಳ್ತೇನೆ, ಹೆದರಬೇಡಿ. ಶಿರ್ತಾಡಿಯ ತುಕ್ರಪ್ಪ ಅಂತ ಒಬ್ಬ ಇದ್ದಾನೆ. ಬಂಟ್ವಾಳದಲ್ಲಿ ನಿಮ್ಮ ನಾಟಕ ನೋಡಿದ್ದಾನಂತೆ. ಆವತ್ತಿನಿಂದ ನಿದ್ರೆ ಇಲ್ಲವಂತೆ. ನೀವು ಮೂಡಬಿದ್ರೆಗೆ ಬಂದರೆ ಮುಗಿಸಿಯೇ ಬಿಡುವುದು ಅಂತ ಕತ್ತಿ ಮಸೆಯುತ್ತಾ ಇದ್ದಾನಂತೆ. ಮಾತಿಗೆ ತಪ್ಪುವ ಜನ ಅಲ್ಲ ಅದು.”

ಮುಂಡಪ್ಪ ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ಹಾಕಿ ಎದ್ದ.

ವಿಷಯ ಕೇಳಿ ಸುಧಾಕರ ಗಡ್ಡ ಕೆರೆದುಕೊಂಡ. “ಮೂಡಬಿದ್ರೆಯಲ್ಲಿ ನೀನು ದ್ವಾರಪಾಲಕ ಮಾಡು ಮಾರಾಯ. ಮಾತಿಲ್ಲ, ಪೆಟ್ಟೂ ಇಲ್ಲ. ಜೀವ ಉಳಿದರೆ ಮುಂದೆ ನೋಡುವ.”

“ದುರ್ಮದ ಯಾರು ಮಾಡ್ತಾರೆ?”

“ಅಣ್ಣು ಮಾಡ್ತಾನೆ.”

“ನನ್ನಿಂದ ಸಾಧ್ಯವೇ ಇಲ್ಲ,” ಅಂದ ಅಣ್ಣು. “ಅಷ್ಟು ಹತ್ತಿರ ನಿಲ್ಲಲಿಕ್ಕೆ ನನಗೆ ಧೈರ್ಯ ಇಲ್ಲ.”

ಮುಂಡಪ್ಪನಿಗೆ ಜೀವದ ಆಸೆ ಇತ್ತು. ಆದರೆ ಇಡೀ ಜಿಲ್ಲೆ ಕಲ್ಲು ಹೊಡೆದು ಒಪ್ಪಿಕೊಂಡ ಖಳ ಭರ್ಜಿ ಹಿಡಿದು ಬಾಗಿಲು ಕಾಯುವುದೇ? ಕತ್ತಿಯಲ್ಲಿ ಕಡಿದರೂ ಸರಿ, ಕಡಿಸಿಕೊಳ್ಳುವವನು ದುರ್ಮದನೇ ಆಗಿರಬೇಕು. “ನಾನೇ ಮಾಡ್ತೇನೆ,” ಅಂದ.

ಮೂಡಬಿದ್ರೆಯಲ್ಲಿ ಭಾನುವಾರ ಮಧ್ಯಾಹ್ನದ ಆಟ. ತಗಡಿನ ಮಾಡು ಕಾದು ಒಲೆಯಾಗಿತ್ತು. ಮುಂಡಪ್ಪ ಜಡೆ ಹಿಡಿದ, ಖಡ್ಗ ಎತ್ತಿದ. ಪ್ರೇಮಾವತಿ ಕಣ್ಣು ಮುಚ್ಚಿ ಹಾಡು ಎತ್ತಿದಳು.

ಮೊದಲ ಚರಣಕ್ಕೆ ಚಪ್ಪಲಿ ಬಂತು. ಮುಂದಿನದಕ್ಕೆ ಸೋಡಾ ಬಾಟ್ಲಿ ಬಂದು ಅವನ ಮೊಣಕೈಗೆ ಬಡಿದು ಒಡೆಯಿತು. ಖಡ್ಗ ಎತ್ತಿದ ಕೈಯಿಂದ ರಕ್ತ ತೊಟ್ಟಿಕ್ಕಿ ಕಿರೀಟಕ್ಕೆ ಬಿತ್ತು. ಸುಧಾಕರ ಇನ್ನೊಂದು ಹೊಸ ಚರಣ ಸೇರಿಸಿದ್ದನೆಂದು ಆಗ ಗೊತ್ತಾಯಿತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ದಪ್ಪ ಮೀಸೆ, ಕೈಯಲ್ಲಿ ಬದಿಯಿಂದ ಬಿದ್ದ ಬಿಸಿಲಿಗೆ ಹೊಳೆಯುವ ಕತ್ತಿ.

“ಓ, ತುಕ್ರಪ್ಪಣ್ಣ,” ಅಂದರು ಯಾರೋ. “ದಾರಿ ಬಿಡಿ ಅವರಿಗೆ.”

ಜನ ಎರಡು ಬದಿಗೆ ಸರಿದರು. ತಡೆಯಲು ಒಬ್ಬನೂ ಏಳಲಿಲ್ಲ. ಬದಿಯ ಪರದೆಯ ಹಿಂದೆ ಹಾರಲು ತಯಾರಾಗಿ ನಿಂತಿದ್ದ ನಾಯಕ ಕತ್ತಿ ಕಂಡು ಹಿಂದಕ್ಕೆ ಹಾರಿದ. ಅಣ್ಣು ಹಾರ್ಮೋನಿಯಂ ನಿಲ್ಲಿಸಿದ. ಪ್ರೇಮಾವತಿ ಮಾತ್ರ ಕಣ್ಣು ತೆರೆಯದೆ ಸ್ವರ ಇನ್ನೂ ಮೇಲಕ್ಕೆ ಎಳೆದಳು.

ತುಕ್ರಪ್ಪ ವೇದಿಕೆ ಹತ್ತಿದ. ಹಲಗೆ ಕಿರುಗುಟ್ಟಿತು. ಮುಂಡಪ್ಪ ಓಡಲಿಲ್ಲ. ಜಡೆ ಬಿಡಲಿಲ್ಲ, ಖಡ್ಗ ಇಳಿಸಲಿಲ್ಲ. ಎದೆ ಮುಂದೆ ಮಾಡಿ ಕಣ್ಣು ಮುಚ್ಚಿದ. ಕುತ್ತಿಗೆಯ ಹತ್ತಿರ ಬಿಸಿ ಉಸಿರು ತಾಗಿತು. ಯಾರೋ ಖಡ್ಗ ಕಿತ್ತು ದೂರ ಎಸೆದರು. ಖಾಲಿಯಾದ ಅಂಗೈಗೆ ತಣ್ಣಗಿನ, ಭಾರದ ಹಿಡಿಯೊಂದು ಬಂದು ಕೂತಿತು.

“ನಿಮ್ಮದು ಮರದ್ದು ಅಂತ ಬಂಟ್ವಾಳದಲ್ಲೇ ನೋಡಿದೆ ಮಾರಾಯ್ರೆ,” ಅಂದ ತುಕ್ರಪ್ಪ ಅವನ ಕಿವಿಯಲ್ಲಿ. “ನಾವು ಹೊಡೆದ ಕಲ್ಲೆಲ್ಲ ಗುರಿ ತಪ್ಪಿ ನಿಮಗೇ ಬಿತ್ತು, ಬೇಸರ ಮಾಡಬೇಡಿ, ಇಕೊಳ್ಳಿ, ಇವಳು ಇನ್ನೊಂದು ಚರಣ ಎತ್ತುವ ಮೊದಲು ಮುಗಿಸಿಬಿಡಿ.”