ಕಾಫಿ ಫಿಲ್ಟರಿನ ತೂತುಗಳು

"ಆ ಹಾಳಾದ್ದು ಕುಡೀಬೇಡ್ರೀ ಅಂತ ಮದುವೆಯಾದಾಗಿಂದ ಬಡ್ಕೊಂಡೆನಲ್ಲಾ!" ಡಾಕ್ಟರ ಎದುರೇ ರುದ್ರೇಶಿಯ ಹೆಂಡತಿ ಅವನ ಮೇಲೆ ರೇಗಿದಳು.

ಡಾಕ್ಟರು ಬಾಯಿ ಹಾಕಿದರು. "ನೋಡಪ್ಪಾ ರುದ್ರೇಶಿ, ಲಿವರ್‌ನ ಸಣ್ಣ ರಕ್ತನಾಳಗಳಲ್ಲಿ ಜರಡಿಯಂಥ ತೂತುಗಳಿರ್ತವೆ. ವರ್ಷಗಟ್ಟಲೆ ಸಾರಾಯಿ ಕುಡಿದು ನಿನ್ನವು ಮುಚ್ಚಿಕೊಳ್ತಿವೆ."

ರುದ್ರೇಶಿಗೆ ಹೋದ ಜೀವ ಬಂದಂತಾಯಿತು. "ಅಷ್ಟೇನಾ ಸಾರ್? ಕಾಫಿ ಫಿಲ್ಟರ್ ಕಟ್ಕೊಂಡ್ರೆ ಇವಳು ಒಲೆ ಉರಿಗೆ ಹಿಡೀತಾಳೆ, ತೂತು ಬಿಟ್ಕೊಳ್ತವೆ. ನಾನೂ ದಿನಾ ಸಂಜೆ ಒಳಗೆ ಬೆಂಕಿ ಹುಯ್ಕೊಳ್ತಿದೀನಲ್ಲ!"

ಡಾಕ್ಟರಿಗೇ ನಗು ತಡೆಯಲಾಗಲಿಲ್ಲ. ರುದ್ರೇಶಿ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಯೂ ನಕ್ಕಳು; ನಗುತ್ತಲೇ ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು.

"ಉರಿಗೆ ಹಿಡಿದ್ರೂ ತೂತು ಬಿಡದಿದ್ರೆ ಏನ್ಮಾಡ್ತೀನಿ, ಅದನ್ನೂ ಹೇಳ್ರೀ."

"ಏನ್ಮಾಡ್ತೀಯೇ?"

"ಬಿಸಾಕಿ ಹೊಸದು ತಗೋತೀನಿ" ಎಂದು ಹೊರಗೆ ಹೋದವಳು ಮತ್ತೆ ಬರಲೇ ಇಲ್ಲ.