ಓದದೆ ಬಿಟ್ಟ ಹೆಸರು

"ನಮ್ಮಾಕಿ ದನಿ ನಿಮ್ಮ ಮಗಳ ಹತ್ರ ಅದ ಅಂತ ಕೇಳಿ ಬಂದೀನ್ರಿ," ಎಂದರು ಅಂಬಾದಾಸರಾಯರು, ಕಳ್ಳಕವಟಗಿಯ ಆ ಮನೆಯ ಕಟ್ಟೆಯ ಮೇಲೆ ಇನ್ನೂ ಕೂಡ್ರುವ ಮೊದಲೇ. ವಿಜಯಪುರದಿಂದ ಬಂದ ಬಸ್ಸಿನ ಧೂಳು ಅವರ ಟೋಪಿಯ ಮೇಲೆ ಹಾಗೆಯೇ ಇತ್ತು.

ಗುರುಸಿದ್ದವ್ವ ಏನೂ ತಿಳಿಯದೆ ಮಗಳ ಕಡೆ ನೋಡಿದಳು. ಹುಟ್ಟಿನಿಂದ ಕಣ್ಣು ಕಾಣದ ವಿದ್ಯಾವತಿಗೆ ಮಾತ್ರ ಆ ಒಂದೇ ಮಾತಿನಲ್ಲಿ ಎಲ್ಲ ತಿಳಿಯಿತು. "ವತ್ಸಲಾಬಾಯಾರ ಮನಿಯವ್ರು ಬೇ ಇವರು. ನನಗ ಕಾಲೇಜಿನ ಪಾಠ ಎಲ್ಲಾ ಓದಿ ಕಳಸತಿದ್ರಲ್ಲ, ಅವರ ಮನಿಯವ್ರು. ನೀ ಚಾ ಇಡು."

ವತ್ಸಲಾಬಾಯಿ ಮಧ್ಯಾಹ್ನದ ತಾಟು ತೊಳೆದಿಟ್ಟು, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು, ಪುಸ್ತಕ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಕಣ್ಣಿಲ್ಲದ ಮಕ್ಕಳಿಗೆ ಪಾಠ ಓದಿ ಕಳಿಸುವವರು ಬೇಕಾಗಿದ್ದಾರೆ ಎಂದು ಯಾರೋ ಅಂದದ್ದೇ ಸಾಕಾಗಿತ್ತು. "ದಾನಾ ಮಾಡ್ಲಿಕ್ಕೆ ನನ್ನ ಹತ್ರ ಏನದ? ಬಾಯಿ ಅದ," ಅನ್ನುತ್ತಿದ್ದಳು. "ಅದಂತೂ ಭಾಳ ಅದ," ಎಂದು ರಾಯರು ನಗುತ್ತಿದ್ದರು. ಹೋದ ದೀಪಾವಳಿಯ ಹೊತ್ತಿಗೆ ಒಂದು ಸಣ್ಣ ಜ್ವರ ನೆಪವಾಗಿ ಅವಳು ಹೊರಟೇಹೋದಳು. ಅವಳ ಫೋನು ಕೆಟ್ಟಿತೆಂದು ಸೊಲ್ಲಾಪುರ ರಸ್ತೆಯ ಒಂದು ಅಂಗಡಿಗೆ ಕೊಟ್ಟರೆ, ಅಂಗಡಿಯವ ಒಳಗಿದ್ದದ್ದನ್ನೆಲ್ಲ ಅಳಿಸಿ, ಅದನ್ನು ಹೊಚ್ಚ ಹೊಸದರ ಹಾಗೆ ಮಾಡಿ ಕೈಗಿತ್ತ. ಒಳಗೆ ಅವಳದೊಂದು ಉಸಿರೂ ಉಳಿದಿರಲಿಲ್ಲ.

ವಿದ್ಯಾವತಿ ತನ್ನ ಫೋನಿನ ಮೇಲೆ ಬೆರಳು ಸರಿಸುತ್ತ, "ಹಾಸ್ಟೆಲಿನಾಗ ಹೊಸಾ ಹುಡಿಗ್ಯಾರೂ ಅವರ ದನಿಯಾಗ ಓದತಾರ್ರಿ," ಎಂದಳು. ರಾಯರಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಮುಖ ಕಾಣದವರ ಮನೆಯಲ್ಲೆಲ್ಲ ಅವಳಿದ್ದಾಳೆ, ತನ್ನ ಮನೆಯಲ್ಲಿಲ್ಲ.

ಅಷ್ಟರಲ್ಲಿ ದನಿ ಬಂತು. ಹಿಂದೆ ಕುಕ್ಕರಿನ ಸೀಟಿ, ಮುಂದೆ ಅವಳು. ಯಾವುದೋ ಕಥೆಯ ಪಾಠ. "ಅವತ್ತು ರಾತ್ರಿ ಇವರು ಸಾಹುಕಾರನ ಹಿತ್ತಲನ್ನು ಹೊಕ್ಕು ಕೋಳಿ ಕದ್ದರು. ಸಿಕ್ಕಿಬಿದ್ದ ಮೇಲೆ ಇವರು ಹಸಿ ಸುಳ್ಳು ಹೇಳಿದರು..."

"ಯಾರು ಕದ್ದರು?" ಎಂದರು ರಾಯರು, ಕಣ್ಣೊರೆಸಿಕೊಳ್ಳುತ್ತ.

"ನೀವ್ರಿ!" ಚಹಾ ತಂದ ಗುರುಸಿದ್ದವ್ವ ನಕ್ಕುಬಿಟ್ಟಳು. "ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತೈತಿ ನಿಮ್ಮ ಕೋಳಿ ಕಥಿ."

"ಪುಸ್ತಕದಾಗಿನ ಕಳ್ಳಂದೂ ನಿಮ್ಮದ ಹೆಸರಂತ್ರಿ," ವಿದ್ಯಾವತಿ ಬಿಡಿಸಿ ಹೇಳಿದಳು. "ಗಂಡನ ಹೆಸರ ಹೆಂಗ ಹೇಳೂದಂತ, ಬಂದ ಬಂದಲ್ಲೆ ಬಾಯಾರು 'ಇವರು' ಅಂತ ಓದ್ಯಾರ. ನಾನೂ ಪರೀಕ್ಷಾದಾಗ 'ಇವರು ಕೋಳಿ ಕದ್ದರು' ಅಂತನ ಹೇಳಿ ಬರಿಸಿದೆ. ನಂದು ಬರಿಯಾಕ ಕುಂತಿದ್ದ ಹುಡುಗಿ ನಕ್ಕ ನಕ್ಕ ಪೆನ್ನ ಕೆಳಗಿಟ್ಟಳು."

ರಾಯರೂ ನಕ್ಕರು. ನಗು ನಡುವೆಯೇ ನಿಂತಿತು. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ, ಒಡಪು ಹಾಕಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎಂದು ಹಟ ಹಿಡಿದಿದ್ದರು. ಆಗಲೇ ಬ್ಯಾಂಡಿನವರಿಗೂ ಹುರುಪು ಬಂದು ಸದ್ದು ಏರಿತ್ತು. ಪಕ್ಕದಲ್ಲೇ ನಿಂತಿದ್ದ ರಾಯರಿಗೆ ಕಂಡದ್ದು ಅವಳ ತುಟಿ ಅಲುಗಿದ್ದಷ್ಟೇ. ಆಮೇಲೆ ಬದುಕೆಲ್ಲ 'ರೀ', 'ಕೇಳಿದ್ರೇನು', 'ಎಲ್ಲಿದ್ದೀರಿ'. ಒಮ್ಮೆ ಹೆಸರು ಹಿಡಿದು ಕರಿ ಎಂದು ಕಾಡಿದಾಗಲೆಲ್ಲ ಅವಳು ಸೆರಗು ಬಾಯಿಗೊತ್ತಿಕೊಂಡು ಒಳಗೆ ನಡೆದುಬಿಡುತ್ತಿದ್ದಳು.

"ಮತ್ತ ಆ ಹೆಸರು ನಿನಗ ಹ್ಯಾಂಗ ಗೊತ್ತಾತವ್ವ?"

ವಿದ್ಯಾವತಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. "ಪರೀಕ್ಷಾ ಮುಗದ ಮ್ಯಾಲ ಫೋನ ಹಚ್ಚಿ ಕೇಳಿದ್ನಿರಿ. ಹೇಳಲಿಲ್ಲ. ಆಮ್ಯಾಲ ಒಂದು ಸಣ್ಣ ರೆಕಾರ್ಡಿಂಗ್ ಮಾಡಿ ಕಳಿಸಿದ್ರು. ಕೇಳಿ ಅಳಿಸಿಬಿಡು, ಇವರ ಕಿವಿಗೆ ಮಾತ್ರ ಬೀಳಸಬ್ಯಾಡ ಅಂದಿದ್ರು. ಹೂಂ ಅಂದಿದ್ದೆ."

"ಅಳಿಸಿದಿ?"

"ಇಲ್ರಿ."

ಹೊರಗೆ ಟಿಕೋಟಾ ಕಡೆಯ ಬಸ್ಸು ಹಾರ್ನ್ ಹೊಡೆಯಿತು. "ಮಾತು ಕೊಟ್ಟೀದಿ. ಬ್ಯಾಡ ಬಿಡು. ನಾ ಹೋಗ್ತೀನಿ," ಎಂದರು ರಾಯರು. ಆದರೆ ಏಳಲಿಲ್ಲ. ಬಶಿಯಲ್ಲಿ ಸುರಿದುಕೊಂಡ ಚಹಾ ಕುಡಿಯಲೂ ಇಲ್ಲ. ಬಸ್ಸು ಹೋದ ಸದ್ದು ದೂರವಾಯಿತು.

ಕಡೆಗೆ ಗುರುಸಿದ್ದವ್ವನೇ ಮಗಳ ಮೇಲೆ ರೇಗಿದಳು. "ಭಾರೀ ಮಾತ ಉಳಿಸ್ಕೊಳ್ಳಾಕಿ! ಅಳಿಸು ಅಂದದ್ದನ್ನ ಕೇಳಿದೇನ? ಅರ್ಧಾ ಮುರದೀದಿ, ಉಳದರ್ಧಾ ಯಾರ ಸಲುವಾಗಿ ಇಟ್ಟೀದಿ? ಹಚ್ಚ ಲೇ."

"ಅಳಿಸಾಕ ಮನಸ ಬರಲಿಲ್ರಿ," ಎಂದಳು ವಿದ್ಯಾವತಿ ಮೆಲ್ಲಗೆ. "ಉಳಿದದ್ದರಾಗೆಲ್ಲಾ ಅವರು ಪುಸ್ತಕ ಓದತಾರ. ಇದರಾಗ ಬರೇ ಅವರ ಇದ್ದಾರ."

ಫೋನಿನಿಂದ ಮೊದಲು ಚಿಲಕ ಹಾಕಿದ ಸದ್ದು. ಆಚೆ ಪಡಸಾಲೆಯಲ್ಲಿ ಟಿ.ವಿ., ಅದರ ಮುಂದೆ ಕೂತ ರಾಯರದೇ ಕೆಮ್ಮು. ಆಮೇಲೆ ತಗ್ಗಿದ ದನಿ: "ವಿದ್ಯಾ, ಒಂದೇ ಸಲ ಹೇಳ್ತೀನಿ ನೋಡು. ನಗಬ್ಯಾಡ." ಎಷ್ಟೋ ಹೊತ್ತು ಏನೂ ಇಲ್ಲ. ಬಳೆ ಸರಿದ ಸಪ್ಪಳ. ಮತ್ತೆ ಅವಳು, ಒಳಗೊಳಗೇ ದಿನವೂ ಅಂದುಕೊಂಡು ರೂಢಿಯಾದವಳ ಹಾಗೆ, ಎಳ್ಳಷ್ಟೂ ತಡವರಿಸದೆ ಅಂದಳು:

"ಅಂಬಾದಾಸ."

ಚಹಾ ಧೋತರದ ಮೇಲೆ ಚೆಲ್ಲಿದ್ದು ತಿಳಿಯಲಿಲ್ಲ. ರಾಯರು ಬಶಿ ಹಿಡಿದುಕೊಂಡೇ ಎದ್ದು ನಿಂತು, "ಓ" ಎಂದರು.