ಮಾಡಿನಲ್ಲಿ ಬಚ್ಚಿಟ್ಟ ಮಾತ್ರೆ

ಕೈ ಹಾಕಿದ ಕಡೆಯೇ ಸಿಕ್ಕಿತು. ಕೇದಿಗೆ ಗರಿಯ ಮಾಡಿನ ಸಂದಿಯಿಂದ ಕಾರೋ ಬಿಳಿ ಡಬ್ಬಿಯೊಂದನ್ನು ಎಳೆದು ಅಲ್ಲಾಡಿಸಿದಳು. ಒಳಗೆ ಮಾತ್ರೆಗಳು.

ಎಷ್ಟೋ ದಿನದಿಂದ ಅವಳಿಗೆ ನಿದ್ದೆಯಿಲ್ಲ. ಮಗ ಕೌತು ಬೆಳಗಾಗುತ್ತಲೇ ನೀರಾ ಇಳಿಸಲು ತೆಂಗಿನ ಮರ ಹತ್ತಿ ಹಾಡು ಶುರು ಮಾಡಿದನೋ ಇಲ್ಲವೋ, ಸೊಸೆ ಮರೇವಾ ಆ ಸಂದಿಗೆ ಕೈ ಹಾಕುತ್ತಿದ್ದಳು. ಏನನ್ನೋ ಮುಷ್ಟಿಯಲ್ಲಿ ಹಿಡಿದು, ನೀರಿನ ಚಿಪ್ಪಿನೊಂದಿಗೆ ಮರಗಳ ಕಡೆ ಮರೆಯಾಗುತ್ತಿದ್ದಳು. ಮದುವೆಯಾಗಿ ಮೂರು ವರ್ಷವಾದರೂ ಮನೆಯಲ್ಲಿ ಮಗುವಿನ ಅಳು ಕೇಳಿಲ್ಲ. ಗಂಡನನ್ನಂತೂ ಬೆರಳ ತುದಿಯಲ್ಲಿ ಕುಣಿಸುತ್ತಾಳೆ. ಗೆಳೆಯರ ಜೊತೆ ಒಂದು ಗುಟುಕು ಹುಳಿ ಹೆಂಡ ಕುಡಿಯುವುದಕ್ಕೂ ಕೌತುವಿಗೆ ಅಪ್ಪಣೆಯಿಲ್ಲವೆಂದು ತರಾವಾ ದ್ವೀಪವೆಲ್ಲ ನಗುತ್ತದೆ.

ಕಾರೋ ಡಬ್ಬಿಯನ್ನು ರವಿಕೆಯೊಳಗೆ ಸೇರಿಸಿಕೊಂಡು ನೇರ ಆಸ್ಪತ್ರೆಗೆ ನಡೆದಳು.

"ಬಸುರಿ ಆಗದ ಹಾಗೆ ತಗೊಳ್ಳೋ ಮಾತ್ರೆ ತಾನೇ ಇದು?"

ನರ್ಸ್ ಡಬ್ಬಿ ತಿರುಗಿಸಿ ನೋಡಿದಳು. "ಅಲ್ಲ. ಲಿವರ್‌ಗೆ ಹತ್ತೋ ವೈರಸ್ಸನ್ನ ಹಿಡಿದಿಡೋ ಔಷಧಿ. ಹೆಪಟೈಟಿಸ್ ಬಿ. ದಿನಾ ತಗೋಬೇಕು. ಎಲ್ಲಿಂದ ತಂದ್ರೋ ಅಲ್ಲೇ ಇಟ್ಟುಬಿಡಿ."

"ತಗೊಳ್ಳದೇ ಇದ್ರೆ?"

"ಒಬ್ಬೊಬ್ಬರಿಗೆ ಹೊಟ್ಟೆ ಊದಿಕೊಳ್ಳುತ್ತೆ, ಕಣ್ಣು ಹಳದಿ ಆಗುತ್ತೆ. ಜೀವಕ್ಕೇ ಕುತ್ತು ಬರುತ್ತೆ."

ಕಾರೋಳ ಹಿರಿಯ ಮಗ ತಬ್ವಿಯಾ ಸತ್ತದ್ದು ಹಾಗೆಯೇ. ಅವನ ಹೆಂಡತಿಯೇ ಆ ಜಡ್ಡು ತಂದು ಅಂಟಿಸಿದಳೆಂದು, ಗೋರಿಯ ಮಣ್ಣು ಆರುವ ಮೊದಲೇ ಅವಳನ್ನು ತವರಿನ ದ್ವೀಪಕ್ಕೆ ಹಡಗು ಹತ್ತಿಸಿದವಳು ಇವಳೇ. ಈಗ ಎರಡನೆಯವಳೂ ಅದನ್ನೇ ಹೊತ್ತು ತಂದಿದ್ದಾಳೆ. ಉಳಿದಿರುವವನು ಒಬ್ಬನೇ ಮಗ.

"ಬಂದಿದ್ದೀರಲ್ಲ, ನಿಮ್ಮ ರಕ್ತಾನೂ ಒಮ್ಮೆ ನೋಡಿಬಿಡೋಣ," ಎಂದಳು ನರ್ಸ್.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ನೋಡೋದಿದ್ರೆ ಆ ಸೊಸೆದು ನೋಡಿ."

"ಏನೂ ಕಾಣಿಸದವರ ರಕ್ತದಲ್ಲೂ ಇರುತ್ತೆ," ಎಂದು ನರ್ಸ್ ಡಬ್ಬಿ ಹಿಂದಿರುಗಿಸಿದಳು.

ಮನೆಯ ಮುಂದೆ ಮರೇವಾ ಮೀನು ಸೀಳುತ್ತಿದ್ದಳು. ಕೌತು ಪಕ್ಕದಲ್ಲಿ ಕುಳಿತು ಕತ್ತಿ ಮಸೆಯುತ್ತಿದ್ದ. ಕಾರೋ ಡಬ್ಬಿಯನ್ನು ಸೊಸೆಯ ಮುಖಕ್ಕೆ ಹಿಡಿದಳು.

"ಯಾರದೇ ಇದು?"

ಮರೇವಾ ಡಬ್ಬಿಯನ್ನು ನೋಡಿದಳು, ಆಮೇಲೆ ಗಂಡನನ್ನು. "ನಂದು, ಅತ್ತೆ."

"ಒಬ್ಬ ಮಗನ್ನ ಅವಳು ತಿಂದಳು. ಇವನನ್ನ ತಿನ್ನೋಕೆ ನೀನು ಬಂದೆಯಾ? ನಾಳೆ ಹಡಗಿದೆ. ಹೊರಡು."

"ಹೊರಡ್ತೀನಿ. ಇವರನ್ನ ಮಾತ್ರ ಏನೂ ಕೇಳಬೇಡಿ."

ಅಳಲಿಲ್ಲ, ಜಗಳವಾಡಲಿಲ್ಲ. ಕೈ ತೊಳೆದು ಬಂದು ಬಟ್ಟೆಗಳನ್ನು ಚಾಪೆಯಲ್ಲಿ ಸುತ್ತತೊಡಗಿದಳು. ಅದು ಕಾರೋಳನ್ನು ಇನ್ನಷ್ಟು ಕೆರಳಿಸಿತು. ಡಬ್ಬಿಯನ್ನು ಸಮುದ್ರಕ್ಕೆ ಎಸೆಯಲು ಕೈ ಎತ್ತಿದಳು. ಕೌತು ಆ ಕೈ ಹಿಡಿದ.

"ಮಾತ್ರೆ ನಂದಮ್ಮ. ಅವಳಿಗೆ ಯಾವ ಜಡ್ಡೂ ಇಲ್ಲ, ಪರೀಕ್ಷೆ ಮಾಡಿಸಿದೀವಿ. ದಿನಾ ಮರದ ಬುಡಕ್ಕೆ ತಂದು ನಂಗೆ ನುಂಗಿಸ್ತಾಳೆ. ನಿನಗೆ ಗೊತ್ತಾಗಬಾರದು ಅಂತ."

ಕಾರೋ ಕೈ ಕೊಸರಿಕೊಂಡಳು.

"ಹಾಗಾದ್ರೆ ನಿಂಗೆ ಅಂಟಿಸಿದವಳು ಯಾರೋ? ಹೆಸರು ಹೇಳು. ನನ್ನ ಮಗನ್ನ ಕೊಲ್ಲೋಕೆ ಹೊರಟವಳನ್ನ ನಾನು ಸುಮ್ಮನೆ ಬಿಡಲ್ಲ."

"ಬೇಡ, ಹೇಳಬೇಡಿ," ಮರೇವಾ ಓಡಿಬಂದು ಗಂಡನ ತೋಳು ಹಿಡಿದಳು. "ನಾನು ಹೋಗ್ತೀನಿ ಅಂದೆನಲ್ಲ."

ಕೌತು ಹೆಂಡತಿ ಕಟ್ಟಿದ ಗಂಟನ್ನು ನೋಡಿದ. ತಾಯಿಯ ಮುಖ ನೋಡಲು ಅವನಿಂದಾಗಲಿಲ್ಲ.

"ಹುಟ್ಟುವಾಗಲೇ ಬಂದದ್ದಮ್ಮ," ಎಂದ. "ಅಣ್ಣನಿಗೂ, ನನಗೂ. ನಿನ್ನಿಂದ."